ಹಿಂದಿ ಟೀಚರ ಬೇಟೆ ಚೀಲ

ಕಳಸದ ಬಸ್ ನಿಲ್ದಾಣದಲ್ಲಿ ನಾನು ಅವರನ್ನು ಮೊದಲು ನೋಡಿದ್ದು ಹಿಂದಿನಿಂದ. ಅವರನ್ನು ನೋಡಿದೆ ಎನ್ನುವುದೂ ತಪ್ಪೇ. ನನಗೆ ಕಂಡದ್ದು ಒಂದು ಭಾರಿ ಖಾಕಿ ಕ್ಯಾನ್ವಾಸ್ ಚೀಲ, ಅದರ ಕೆಳಗೆ ಎರಡು ಗಿಡ್ಡ ಕಾಲು, ಕಾಲಿಗೆ ಶಾಲೆಯ ಮಕ್ಕಳು ಆಟಕ್ಕೆ ಹಾಕುವಂಥ ಬಿಳಿ ಬೂಟು. ತಲೆ ಇರಬೇಕಾದ ಜಾಗದಲ್ಲಿ ಮಡಚಿದ ಕಂಬಳಿ. ಚೀಲ ಬಸ್ಸಿನ ಬಾಗಿಲಿಗೆ ಸಿಕ್ಕಿಕೊಂಡು ಅತ್ತ ಒಳಗೂ ಹೋಗದೆ ಇತ್ತ ಹೊರಗೂ ಬಾರದೆ ನಿಂತಿತ್ತು. ಒಳಗಿನಿಂದ ಕಂಡಕ್ಟರು, "ಟೀಚರ್, ಒಂದೋ ನೀವ್ ಬನ್ನಿ, ಇಲ್ಲಾ ಚೀಲನ ಕಳ್ಸಿ. ಇಬ್ರೂ ಒಟ್ಟಿಗೆ ಬಂದ್ರೆ ಬಾಗ್ಲು ಸಾಕಾಗಲ್ಲ" ಎನ್ನುತ್ತಿದ್ದ. ಚೀಲದ ಪಕ್ಕದಿಂದ ಒಂದು ದುಂಡು ಮುಖ ಅರ್ಧ ಹೊರಳಿ ನನ್ನತ್ತ ನೋಡಿತು. "ನೋಡ್ತಾ ನಿಂತಿದೀಯಲ್ಲ ಮಾರಾಯ್ತಿ, ತಳ್ಳು!" ಎಂದಿತು. ಗುರುತಿಲ್ಲ, ಪರಿಚಯವಿಲ್ಲ. ಆದರೂ ತಳ್ಳಿದೆ. ಆಮೇಲೆ ಎಷ್ಟೋ ವರ್ಷ ತಳ್ಳುತ್ತಲೇ ಇದ್ದೆ.

ನಾನು ಕಡೂರು ಕಡೆಯವಳು. ಬಯಲುಸೀಮೆಯ ಬಿಸಿಲಿನಲ್ಲಿ ಬೆಳೆದು, ಸಮಾಜ ವಿಜ್ಞಾನ ಪಾಠ ಮಾಡುವುದಕ್ಕೆಂದು ಆಗಷ್ಟೇ ಈ ಗುಡ್ಡಗಳ ನಡುವೆ ಬಂದು ಬಿದ್ದಿದ್ದೆ. ಮರುದಿನ ಶಾಲೆಯ ಸ್ಟಾಫ್ ರೂಮಿಗೆ ಹೋದರೆ ಅದೇ ದುಂಡು ಮುಖ ನನ್ನ ಎದುರಿನ ಕುರ್ಚಿಯಲ್ಲಿ ಕುಳಿತು ಚಕ್ಕುಲಿ ಮುರಿಯುತ್ತಿತ್ತು. ಅವರು ನಮ್ಮ ಶಾಲೆಯ ಹಿಂದಿ ಟೀಚರು.

ಅವರು ತೀರಿಕೊಂಡು ಈಗ ಒಂದು ಮಳೆಗಾಲ ಕಳೆದಿದೆ. ಅವರ ಬಗ್ಗೆ ಬರೆಯಿರಿ ಎಂದು ನನ್ನನ್ನು ಯಾರೂ ಕೇಳಿಲ್ಲ, ಕೇಳುವಂಥ ದೊಡ್ಡ ಹೆಸರನ್ನು ಅವರೇನೂ ಮಾಡಿರಲಿಲ್ಲ. ಅವರ ಹತ್ತಿರ ಕಲಿತ ಮಕ್ಕಳನ್ನು ಉತ್ತರದ ಯಾತ್ರಿಕರು ಹಿಂದಿಯಲ್ಲಿ ಹೊರನಾಡಿಗೆ ದಾರಿ ಕೇಳಿದರೆ, ಪಾಪ, ಶೃಂಗೇರಿ ತಲುಪುವ ಸಂಭವವೇ ಹೆಚ್ಚು. ಮೇಲಾಗಿ ಟೀಚರಿಗೆ ಸಿಟ್ಟು ಬೇಗ, ಕಿವಿ ನಿಧಾನ. ಹೇಳಿದ್ದನ್ನು ಕೇಳಿಸಿಕೊಳ್ಳುವ ಅಭ್ಯಾಸವೇ ಇರಲಿಲ್ಲ. ಕಾಫಿ ಸೀಮೆಯಲ್ಲಿ ಹುಟ್ಟಿಯೂ ಅವರು ಮಾಡುವಷ್ಟು ಕೆಟ್ಟ ಕಾಫಿಯನ್ನು ನಾನು ಬೇರೆಲ್ಲೂ ಕುಡಿದಿಲ್ಲ. ಇಷ್ಟೆಲ್ಲ ಹೇಳಿದ ಮೇಲೂ, ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿನ ಹಾರನ್ನು ಕೇಳಿಸಿದಾಗ ಹಾಸಿಗೆಯಲ್ಲಿ ಎದ್ದು ಕೂರುತ್ತೇನೆ, ಮತ್ತು ಅವರಿಲ್ಲ ಎಂಬುದು ನೆನಪಾಗಿ ಸಂಕಟವಾಗುತ್ತದೆ.

ಭಾನುವಾರ ಅವರ ತಿರುಗಾಟದ ದಿನ. ಬೆಳಿಗ್ಗೆ ಹೊರಟು ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವಂಥ ತಿರುಗಾಟ ಅಷ್ಟೇ. ಬಲ್ಲಾಳರಾಯನ ದುರ್ಗ, ದೇವರಮನೆ, ಸಂಸೆಯ ಆಚೆಯ ಯಾವುದೋ ಝರಿ, ಏನೂ ತೋಚದಿದ್ದರೆ ಭದ್ರೆಯ ದಂಡೆಯ ಮೇಲೊಂದು ಬಂಡೆ. ಅದಕ್ಕೆ ಈ ಚೀಲ. ಹಿಮಾಲಯಕ್ಕೆ ಹೋಗುವವರು ಕೂಡ ಅಷ್ಟು ಹೊರುವುದಿಲ್ಲ. ದಾರಿಯಲ್ಲಿ ಸಿಕ್ಕವರೆಲ್ಲ "ಎಲ್ಲಿಗೆ ಟೀಚರ್, ಮನೆ ಖಾಲಿ ಮಾಡಿದ್ರಾ?" ಎಂದು ಕೇಳುತ್ತಿದ್ದರು. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು ಎನ್ನುತ್ತಾರಲ್ಲ, ಟೀಚರಿಗೆ ಅದನ್ನು ಕೇಳಿಸಿಕೊಳ್ಳುವುದೆಂದರೆ ಹಿಗ್ಗು. ನಿಂತು, ಸೊಂಟಕ್ಕೆ ಕೈಕೊಟ್ಟು, ಊರ ಹೆಸರನ್ನು ಇಡೀ ಪೇಟೆಗೆ ಕೇಳುವಂತೆ ಹೇಳಿಯೇ ಮುಂದೆ ಹೋಗುತ್ತಿದ್ದರು.

ಚೀಲ ಯಾಕಷ್ಟು ದೊಡ್ಡದು ಎಂಬುದು ನನಗೆ ತಿಳಿದದ್ದು ಒಂದು ಶನಿವಾರ, ಶಾಲೆ ಬಿಡುವ ಹೊತ್ತಿನಲ್ಲಿ.

"ನಾಳೆ ದುರ್ಗಕ್ಕೆ ಬಾ" ಎಂದರು.

ನನಗೆ ಭಾನುವಾರವೆಂದರೆ ಎಣ್ಣೆ ನೀರು, ಊಟ, ನಿದ್ದೆ. "ನನ್ನ ಹತ್ರ ಬೂಟಿಲ್ಲ ಟೀಚರ್" ಎಂದೆ.

"ನಿನ್ ಪಾದ ಎಷ್ಟು? ಐದಾ, ಆರಾ?"

"ಆರು."

"ಇದೆ."

"ನನ್ನ ಕೊಡೆ ಮುರಿದುಹೋಗಿದೆ."

"ಇದೆ."

"ಬೆಳಿಗ್ಗೆ ಅಷ್ಟು ಬೇಗ ತಿಂಡಿ ಮಾಡ್ಕೊಳ್ಳೋಕೆ..."

"ರೊಟ್ಟಿ ಇದೆ. ಜೀರಿಗೆ ಮೆಣಸಿನ ಚಟ್ನಿ ಇದೆ."

"ಈ ತಿರುವಿನ ರಸ್ತೇಲಿ ಬಸ್ಸಲ್ಲಿ ಕೂತ್ರೆ ನಂಗೆ ವಾಂತಿ ಬರುತ್ತೆ ಟೀಚರ್."

"ನಿಂಬೆಹಣ್ಣಿದೆ. ಅದಕ್ಕೂ ಬಗ್ಗದಿದ್ರೆ ಕವರಿದೆ."

ಕೊನೆಗೆ ನಿಜವನ್ನೇ ಹೇಳಿದೆ. "ನಂಗೆ ಮನಸ್ಸಿಲ್ಲ ಟೀಚರ್."

ಅವರು ಚಕ್ಕುಲಿಯ ಪುಡಿ ಕೊಡವಿಕೊಂಡು ಎದ್ದರು. "ಅದೊಂದು ಇಲ್ಲ ಚೀಲದಲ್ಲಿ. ಅದು ಮೇಲೆ ಹತ್ತಿದ್ ಮೇಲೆ ಸಿಗುತ್ತೆ. ಮೊದ್ಲ ಬಸ್ಸು, ತಡ ಮಾಡ್ಬೇಡ."

ಮನೆಯಿಂದ ಹೊರಬೀಳದಿರಲು ಹೆಂಗಸರು ಹೇಳುವ ಒಂದೊಂದು ನೆಪಕ್ಕೂ ಆ ಚೀಲದಲ್ಲಿ ಒಂದು ಉತ್ತರವಿತ್ತು. ಮೂರು ಅಳತೆಯ ಬೂಟು, ಮಡಚುವ ಕೊಡೆಗಳು, ಮಳೆ ಬಂದರೆ ಹಾಸಿ ಹೊದೆಯಲು ತಾಡಪಾಲು, ಮಂಡಿ ನೋವಿನವರಿಗೆ ಬಟ್ಟೆಯ ಪಟ್ಟಿ, ತಿಂಗಳ ದಿನದವರಿಗೆ ಪ್ಯಾಡು, ನೆಲದ ಮೇಲೆ ಕೂರಲಾಗದವರಿಗೆ ಒಂದು ಪುಟ್ಟ ಮಣೆ, ಮಗುವನ್ನು ಬಿಟ್ಟು ಬರಲಾಗದ ತಾಯಂದಿರಿಗೆ ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುವ ಹಳೆಯ ಸೀರೆ. ಹೊಸ ನೆಪ ಕೇಳಿಬಂದರೆ ಮುಂದಿನ ವಾರ ಚೀಲಕ್ಕೆ ಹೊಸ ಸಾಮಾನು ಸೇರುತ್ತಿತ್ತು. "ಇದರಲ್ಲಿರೋದು ಸಾಮಾನಲ್ಲ ಮಾರಾಯ್ತಿ, ನಿಮ್ಮ ನೆಪಗಳು. ಅದಕ್ಕೇ ಇಷ್ಟು ಭಾರ" ಎನ್ನುತ್ತಿದ್ದರು.

ಹಾಗೆ ಬಂದವರು ಒಬ್ಬಿಬ್ಬರಲ್ಲ. ನಮ್ಮ ಶಾಲೆಯ ಬಿಸಿಯೂಟದ ಅಕ್ಕ ಬಂದಳು. ಪೇಟೆಯಲ್ಲಿ ರವಿಕೆ ಹೊಲಿಯುವವಳು ಬಂದಳು. ಎಸ್ಟೇಟಿನ ಮೇಸ್ತ್ರಿಯ ಹೆಂಡತಿ, ಹುಟ್ಟಿದಾಗಿನಿಂದ ಗುಡ್ಡದ ಬುಡದಲ್ಲೇ ಇದ್ದು ಒಮ್ಮೆಯೂ ಅದರ ನೆತ್ತಿ ಕಾಣದವಳು, ಬಂದಳು. ಅವರಲ್ಲಿ ಎಷ್ಟೋ ಜನರಿಗೆ ಸುಮ್ಮನೆ ಒಂದು ಕಡೆ ಹೋಗುವುದು ಎಂಬುದೇ ಹೊಸದು. ಆಸ್ಪತ್ರೆಗೆ ಹೋಗಿದ್ದರು, ಮದುವೆಗೆ ಹೋಗಿದ್ದರು, ಹರಕೆ ತೀರಿಸಲು ಹೋಗಿದ್ದರು. ಕೆಲಸವಿಲ್ಲದೆ ಹೋಗಿರಲಿಲ್ಲ.

ಟೀಚರ ನಡಿಗೆ ಬಲು ನಿಧಾನ. ಚೀಲವನ್ನು ಬೇರೆಯವರಿಗೆ ಕೊಡುತ್ತಲೂ ಇರಲಿಲ್ಲ. ಹಿಂದಿನಿಂದ ನೋಡಿದರೆ ಗುಡ್ಡದ ಮೇಲೆ ಒಂದು ಚೀಲ ತಾನಾಗಿ ತೆವಳುತ್ತ ಹೋಗುವಂತೆ ಕಾಣುತ್ತಿತ್ತು. ಮೊದಲ ಸಲ ನನ್ನ ಕಾಲಿಗೆ ಇಂಬಳ ಎಂಬ ಕಾಡುಜಿಗಣೆ ಹತ್ತಿದಾಗ ನಾನು ಇಡೀ ಕಾಡಿಗೆ ಕೇಳುವಂತೆ ಕೂಗಿಕೊಂಡೆ. ಟೀಚರು ಸುಣ್ಣ, ಹೊಗೆಸೊಪ್ಪು ಕಟ್ಟಿದ ಬಟ್ಟೆಯ ಗಂಟನ್ನು ಮುಟ್ಟಿಸಿ ಅದನ್ನು ಬಿಡಿಸಿ, "ಒಂದ್ ಹನಿ ರಕ್ತಕ್ಕೆ ಇಷ್ಟು ಗಲಾಟೆನಾ? ನೀನು ಮಕ್ಕಳಿಗೆ ಯುದ್ಧಗಳ ಪಾಠ ಹೇಗೆ ಮಾಡ್ತೀಯೆ?" ಎಂದರು. ನೆತ್ತಿ ತಲುಪಿದ ಮೇಲೆ ಎಲ್ಲರೂ ಮೋಡ, ಕಣಿವೆ, ಬೆಟ್ಟದ ಸಾಲು ನೋಡುತ್ತಿದ್ದರೆ ಇವರು ಅವುಗಳಿಗೆ ಬೆನ್ನು ಹಾಕಿ, ಹೊಸದಾಗಿ ಬಂದವಳ ಮುಖ ನೋಡುತ್ತ ಕೂರುತ್ತಿದ್ದರು. ಯಾಕೆಂದು ಕೇಳಿದರೆ, "ಬೆಟ್ಟ ಮುಂದಿನ ವಾರನೂ ಹಿಂಗೇ ಇರುತ್ತೆ" ಎಂದರು.

ಆಮೇಲೆ ಬುತ್ತಿ ಬಿಚ್ಚಿ ಪಾಲು ಹಾಕುತ್ತಿದ್ದರು. ದುಂಡಗೆ ಕೂರಿಸಿ, ಎಲೆಯ ಮೇಲೆ ಎಲ್ಲರಿಗೂ ಸಮಸಮ. ಅದನ್ನು ಅವರು ಕಲಿತದ್ದು ಅವರ ಅಪ್ಪನಿಂದ. ಚೀಲವೂ ಅಪ್ಪನದೇ.

ಬಾಳೂರಿನ ಹತ್ತಿರ ಅವರ ತವರು. ಸಣ್ಣ ಕಾಫಿ ತೋಟ. ಅಪ್ಪ ಬೇಟೆಯ ಹುಚ್ಚಿನವರು. ಬೇಟೆಗೆ ಅಡ್ಡಿಯಿಲ್ಲದ ಕಾಲ ಅದು. ಚಿಕ್ಕಮಗಳೂರಿನಲ್ಲಿ ಜೀಪಿನ ಟಾಪು ಹೊಲಿಯುವವನ ಹತ್ತಿರ ದಪ್ಪ ಕ್ಯಾನ್ವಾಸಿನಲ್ಲಿ ಹೇಳಿ ಮಾಡಿಸಿದ ಚೀಲ. ಚರ್ಮದ ಪಟ್ಟಿ, ಹಿತ್ತಾಳೆ ಕೊಂಡಿ, ಹೊರಗಡೆ ಕೋವಿಯ ತೋಟಾ ಸಿಕ್ಕಿಸಲು ಸಾಲಾಗಿ ಕುಣಿಕೆ. ಆ ಕುಣಿಕೆಗಳಲ್ಲಿ ಟೀಚರು ಸ್ಕೆಚ್ ಪೆನ್ನು, ಮೇಣದಬತ್ತಿ, ನೋವಿನ ಮುಲಾಮು ಸಿಕ್ಕಿಸಿಕೊಂಡಿದ್ದರು. ಬೇಟೆಗೆ ಹೊರಟ ದಿನ ಮನೆಯ ಹೆಂಗಸರು ಚೀಲ ಮುಟ್ಟುವಂತಿಲ್ಲ, ಎಲ್ಲಿಗೆ ಎಂದು ಕೇಳುವಂತಿಲ್ಲ. ಕೇಳಿದರೆ ಬೇಟೆ ಆಗುವುದಿಲ್ಲ. ಅಣ್ಣನನ್ನು ಅಪ್ಪ ಕರೆದೊಯ್ಯುತ್ತಿದ್ದರು. ತಂಗಿ ಅಂಗಳದ ಕೊನೆಯಲ್ಲಿ ಗೇಟಿನಂತಿದ್ದ ಉಣಗೋಲಿನ ಬಿದಿರು ಗಳುಗಳನ್ನು ಹಿಡಿದು, ಬಾಯಿ ಬಿಗಿಹಿಡಿದು ನಿಂತಿರುತ್ತಿದ್ದಳು.

"ಬೇಟೆಲಿ ಎಲ್ರಿಗೂ ಪಾಲುಂಟು. ಕೋವಿ ಹಿಡಿದೋನಿಗೆ, ಹಳು ನುಗ್ಗಿ ಪ್ರಾಣಿ ಎಬ್ಬಿಸಿದೋರಿಗೆ, ನಾಯಿಗೆ. ದಾರೀಲಿ ಹೋಗ್ತಿದ್ದೋನು ಸುಮ್ನೆ ನಿಂತು ನೋಡಿದ್ರೂ ಅವನಿಗೊಂದು ಪಾಲು" ಎಂದು ಅವರು ಒಮ್ಮೆ ಹೇಳಿದಾಗ ಬಿಸಿಯೂಟದ ಅಕ್ಕ ಕೇಳಿದಳು, "ಹೆಂಗಸ್ರಿಗೆ?"

"ಹೆಂಗಸ್ರಿಗೂ ಉಂಟಲ್ಲ. ಮಸಾಲೆ ಅರೆಯೋ ಪಾಲು." ಎಲ್ಲರೂ ನಕ್ಕರು. ಟೀಚರು ನಗಲಿಲ್ಲ. "ಮಾಂಸ ಮನೆಗೆ ಬರ್ತಿತ್ತು ಮಾರಾಯ್ತಿ. ನಂಗೆ ಬೇಕಾಗಿದ್ದು ಅದಲ್ಲ. ನಂಗೆ ಕಾಡು ಬೇಕಾಗಿತ್ತು."

ಅಪ್ಪ ಹೋದ ಮೇಲೆ ತೋಟ, ಮನೆ, ಕೋವಿ ಎಲ್ಲ ಅಣ್ಣನಿಗೆ ಬಂತು. ನಿನಗೇನು ಬೇಕು ಎಂದು ಕೇಳಿದಾಗ ಅಟ್ಟದ ಮೇಲೆ ದೂಳು ಹಿಡಿದಿದ್ದ ಈ ಚೀಲದ ಕಡೆ ಕೈ ತೋರಿಸಿದರಂತೆ. ಅಣ್ಣನಿಗೆ ಆಶ್ಚರ್ಯ. ನೆಂಟರಿಗೆ ನಗು. ಟೀಚರಿಗೆ ಮದುವೆ ಆಗಿರಲಿಲ್ಲ, ಅದಕ್ಕೂ ಇದಕ್ಕೂ ಸೇರಿಸಿ ಮಾತಾಡಿದವರೂ ಇದ್ದರು.

ಆ ಚೀಲದಿಂದ ಅವರಿಗೆ ತೊಂದರೆ ಆಗದೆಯೂ ಇರಲಿಲ್ಲ. ಬೇಟೆ ನಿಂತು ಎಷ್ಟೋ ಕಾಲವಾದ ಮೇಲೆ ಬೇಟೆ ಚೀಲ ಹೊತ್ತು ಕಾಡಿನ ಗೇಟು ದಾಟಿದರೆ ಸುಮ್ಮನಿರುತ್ತಾರೆಯೇ? ಒಬ್ಬ ಹೊಸ ಗಾರ್ಡು ತಡೆದು ಎಲ್ಲವನ್ನೂ ಹೊರಗೆ ತೆಗೆಸಿದ. ಬೂಟು, ಕೊಡೆ, ಮಣೆ, ಪ್ಯಾಡು ಒಂದೊಂದಾಗಿ ಕಲ್ಲಿನ ಮೇಲೆ ಬಂದು ಕೂರುತ್ತಿದ್ದಂತೆ ಅವನ ಮುಖ ಕೆಂಪಾಯಿತು. ಕೊನೆಗೆ ರೊಟ್ಟಿಯ ಡಬ್ಬಿ ಬಂತು. ನಿಂತು ನೋಡಿದವನಿಗೂ ಪಾಲುಂಟಲ್ಲ, ಅವನಿಗೂ ಸಿಕ್ಕಿತು. ಮುಂದಿನ ತಿಂಗಳು ಅವನ ಹೆಂಡತಿ ನಮ್ಮ ಜೊತೆ ಇದ್ದಳು. ಎಲ್ಲ ಗಂಡಸರೂ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಒಬ್ಬರು ನಮ್ಮ ಹೆಡ್ಮಾಸ್ಟರ ಹತ್ತಿರ ಬಂದು, ಈ ಟೀಚರು ಊರಿನ ಹೆಂಗಸರನ್ನು ಕೆಡಿಸುತ್ತಿದ್ದಾರೆ ಎಂದು ದೂರು ಕೊಟ್ಟರು. ಹೆಡ್ಮಾಸ್ಟರು ಟೀಚರನ್ನು ಕರೆಸಿ, "ಏನಿದು?" ಎಂದರು. "ಕೆಡಿಸ್ತಿಲ್ಲ ಸಾರ್, ಸಂಜೆ ಹೊತ್ತಿಗೆ ಹೇಗಿದ್ರೋ ಹಂಗೇ ವಾಪಸ್ ಕೊಡ್ತಿದೀನಿ" ಎಂದು ಹೇಳಿ ಬಂದರಂತೆ.

ಇಷ್ಟು ಜನರನ್ನು ಹೊರಡಿಸಿದವರಿಗೆ ಒಬ್ಬರನ್ನು ಮಾತ್ರ ಹೊರಡಿಸಲು ಆಗಿರಲಿಲ್ಲ. ಅವರ ಅತ್ತಿಗೆಯನ್ನು.

ಅಣ್ಣನ ಹೆಂಡತಿ. ಟೀಚರಿಗಿಂತ ಸ್ವಲ್ಪ ದೊಡ್ಡವರು, ಬಡಕಲು ಮೈ, ಮಾತು ಕಡಿಮೆ, ನಗುವಾಗ ಬಾಯಿಗೆ ಸೆರಗು ಅಡ್ಡ. ಬಾಳೂರಿನ ಆ ಮನೆಯ ಹಿಂದೆ ಒಂದು ಬೋಳುಗುಡ್ಡವಿದೆ. ಮದುವೆಯಾಗಿ ಬಂದ ದಿನದಿಂದ ಅತ್ತಿಗೆ ಅದನ್ನು ಕೊಟ್ಟಿಗೆಯ ಬಾಗಿಲಿನಲ್ಲಿ ನಿಂತು ನೋಡುತ್ತಿದ್ದರು, ಮೇಲೆ ಏನಿದೆ ಎಂದು ಗೊತ್ತಿರಲಿಲ್ಲ. ಟೀಚರು ಮದುವೆಯ ಹೊಸದರಲ್ಲೇ ಅವರಿಗೆ ಮಾತು ಕೊಟ್ಟಿದ್ದರಂತೆ, "ಒಂದಿನ ನಿಮ್ಮನ್ನ ಅಲ್ಲಿಗೆ ಕರ್ಕಂಡ್ ಹೋಗ್ತೀನಿ ಅತ್ತಿಗೆ" ಎಂದು. ಅತ್ತಿಗೆ ಯಾವತ್ತೂ ಬರುವುದಿಲ್ಲ ಎನ್ನಲಿಲ್ಲ. "ಮುಂದಿನ ವಾರ ನೋಡನ" ಎನ್ನುತ್ತಿದ್ದರು. ಮೊದಲು ಅತ್ತೆಯ ಕಾಯಿಲೆ, ಆಮೇಲೆ ಮಗ, ಆಮೇಲೆ ಕಾಫಿ ಕುಯ್ಲಿನ ಆಳುಗಳ ಅಡುಗೆ. ಕೊನೆಗೆ ಮಗ ಮನೆಯನ್ನೇ ಹೋಂಸ್ಟೇ ಮಾಡಿದ. ಶನಿವಾರ, ಭಾನುವಾರ ಬಂತೆಂದರೆ ಅಂಗಳದ ತುಂಬ ಕಾರು. ಅಕ್ಕಿ ರೊಟ್ಟಿ, ಕಡುಬು, ಕೋಳಿ ಸಾರು ಎಲ್ಲ ಆ ಬಡಕಲು ಕೈಯಿಂದಲೇ ಆಗಬೇಕು. ಮಗನ ಜಾಹೀರಾತಿನಲ್ಲಿ 'ಅಮ್ಮನ ಕೈರುಚಿ' ಎಂದೇ ಇತ್ತು.

"ನನ್ ಚೀಲದಲ್ಲಿ ಎಲ್ಲಾ ಇದೆ ಅತ್ತಿಗೆ. ನಿಮ್ ಬದ್ಲು ಒಲೆ ಮುಂದೆ ನಿಲ್ಲೋ ಇನ್ನೊಬ್ಬ ಹೆಂಗಸು ಮಾತ್ರ ಇಲ್ಲ" ಎಂದು ಟೀಚರು ನನ್ನೆದುರಿಗೇ ಒಮ್ಮೆ ಹೇಳಿದರು. ತಮಾಷೆಗೆಂದು ಶುರು ಮಾಡಿದ ಮಾತು, ಮುಗಿಸುವಷ್ಟರಲ್ಲಿ ದನಿ ಸಣ್ಣಗಾಗಿತ್ತು.

ಅಷ್ಟರಲ್ಲಿ ಅಣ್ಣನ ಮಗನ ಕಣ್ಣು ಚೀಲದ ಮೇಲೆ ಬಿತ್ತು. ಕಾಫಿ ಬೀಜ ತುಂಬಿಡುತ್ತಿದ್ದ ಗೋಡೌನನ್ನು ಅವನು ಊಟದ ಹಾಲ್ ಮಾಡಿಸಿದ್ದ. ಗೋಡೆಗೆಲ್ಲ ಹಳೆಯ ಸಾಮಾನು: ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಚಕ್ರ, ಹಾಡದ ರೇಡಿಯೋ, ಮಳೆಗೆ ಹೊದೆಯುವ ಗೊರಬು. ನಡುವಿನ ಜಾಗ ಖಾಲಿ ಇತ್ತು.

"ಅತ್ತೆ, ಆ ಚೀಲ ಇಲ್ಲಿರ್ಬೇಕು. 'ತಾತನ ಹಂಟಿಂಗ್ ಬ್ಯಾಗ್' ಅಂತ ಬೋರ್ಡು, ಮೇಲೊಂದ್ ಲೈಟು. ನೀವದರಲ್ಲಿ ನಿಂಬೆಹಣ್ಣು ತುಂಬ್ಕಂಡ್ ತಿರುಗ್ತೀರಲ್ಲ, ಯಾರಾದ್ರೂ ನಗ್ತಾರೆ."

"ಗೋಡೆಗೆ ಕಾಲಿದೆಯೇನೋ? ಚೀಲ ಇರೋದು ನಡಿಯಕ್ಕೆ" ಎಂದು ಟೀಚರು ಬೈದು ಕಳಿಸಿದರು. ಅವನು ಬಿಡಲಿಲ್ಲ. ಹಬ್ಬಕ್ಕೆ ಹೋದಾಗ ಕೇಳಿದ, ಫೋನಿನಲ್ಲಿ ಕೇಳಿದ, ಕೊನೆಗೆ ಅಪ್ಪನ ಕೈಲೂ ಕೇಳಿಸಿದ. ಅಣ್ಣ ಸಂಕೋಚದ ಮನುಷ್ಯ. ಜಗಲಿಯ ಮೇಲೆ ಕೂತು, ನೆಲ ನೋಡುತ್ತ, "ಕೊಟ್ಬಿಡು ಪುಟ್ಟಿ, ಹುಡುಗ ಆಸೆ ಪಡ್ತಿದಾನೆ" ಎಂದರು.

ಟೀಚರು ಅಡುಗೆಮನೆಯ ಕಡೆ ನೋಡಿದರು. ಆಮೇಲೆ ಹೇಳಿದರು, "ಕೊಡ್ತೀನಿ ಅಣ್ಣಯ್ಯ. ಒಂದಿನ ಅತ್ತಿಗೆನ ನನ್ ಜೊತೆ ಕಳ್ಸು. ಗುಡ್ಡಕ್ಕೆ ಹೋಗಿ ಬರ್ತೀವಿ. ಬಂದು ಚೀಲ ನಿನ್ ಕೈಲಿ ಇಡ್ತೀನಿ."

"ಅಷ್ಟೇ ತಾನೆ? ಬುಧವಾರ ಕರ್ಕಂಡ್ ಹೋಗಿ ಅತ್ತೆ. ಬುಧವಾರ ಗೆಸ್ಟ್ ಇರಲ್ಲ" ಎಂದ ಮಗ.

"ಬುಧವಾರ ಬೇಡ, ಭಾನುವಾರ. ಕೆಲ್ಸ ಇಲ್ದಿರೋ ದಿನ ಕಳ್ಸಿದ್ರೆ ಅದು ರಜ ಅಲ್ಲ."

ಬರುವಾಗ ಬಸ್ಸಿನಲ್ಲಿ ನಾನು ಟೀಚರ ಜೊತೆ ಜಗಳವನ್ನೇ ಆಡಿದೆ. ಒಂದು ದಿನದ ತಿರುಗಾಟಕ್ಕಾಗಿ ಆ ಚೀಲವನ್ನೇ ಕೊಟ್ಟುಬಿಡುತ್ತಾರೆಯೇ? ಟೀಚರು ಕಿಟಕಿಯಾಚೆ ನೋಡುತ್ತ, "ಅಪ್ಪ ಒಂದು ಹಂದಿ ಹಿಂದೆ ಎಷ್ಟು ವಾರ ಅಲೀತಿದ್ರು ಗೊತ್ತಾ ನಿಂಗೆ? ನಾನು ಈಯಮ್ಮನ ಹಿಂದೆ ಜೀವಮಾನ ಅಲೆದಿದೀನಿ" ಎಂದರು.

ಆ ಭಾನುವಾರ ಬರುವುದಕ್ಕೆ ಒಂದು ಮಳೆಗಾಲವೇ ಕಳೆಯಬೇಕಾಯಿತು. ಮಳೆ ನಿಂತು, ಗುಡ್ಡದ ಹುಲ್ಲು ಎದೆಮಟ್ಟ ಬೆಳೆದ ಮೇಲೆ ಒಂದು ಬೆಳಿಗ್ಗೆ ನಾವು ಬಾಳೂರಿಗೆ ಹೋದೆವು. ಅತ್ತಿಗೆ ಕೊಟ್ಟಿಗೆಯ ಹತ್ತಿರ ನಿಂತಿದ್ದರು, ಒಳ್ಳೆಯ ಸೀರೆ ಉಟ್ಟಿದ್ದರು. ಟೀಚರು ನೆಲಕ್ಕೆ ಕೂತು ತಮ್ಮ ಕೈಯಿಂದಲೇ ಅವರ ಕಾಲಿಗೆ ಬೂಟು ಹಾಕಿದರು. ಅತಿಥಿಗಳಿಗೆ ಕೊಟ್ಟಿಗೆಹಾರದ ಹೋಟೆಲಿನಿಂದ ತಿಂಡಿ ತರಿಸಲು ಮಗ ಜೀಪು ಕಳಿಸಿದ್ದ. ಅವನ ಮುಖ ಊದಿಕೊಂಡಿತ್ತು.

ಹತ್ತುವಾಗ ಅತ್ತಿಗೆಯೇ ಎಲ್ಲರಿಗಿಂತ ಮುಂದೆ. ಹುಲ್ಲು ಹೊರೆ ಹೊತ್ತು ಅಭ್ಯಾಸವಾದ ಕಾಲು. ನಾನು ಹಿಂದೆ ಏದುಸಿರು ಬಿಡುತ್ತಿದ್ದೆ, ಟೀಚರು ನನಗಿಂತಲೂ ಹಿಂದೆ, ನಡುನಡುವೆ ನಿಂತು ಎದೆ ಒತ್ತಿಕೊಳ್ಳುತ್ತಿದ್ದರು. ಚೀಲ ಕೊಡಿ ಎಂದರೆ, "ಇವತ್ತೊಂದಿನ ಹೊರ್ತೀನಿ ಬಿಡು" ಎಂದರು.

ನೆತ್ತಿಯ ಮೇಲೆ ಗಾಳಿ. ಒಂದು ಕಡೆ ಕಳಸದ ದಾರಿ, ಇನ್ನೊಂದು ಕಡೆ ಘಾಟಿಯತ್ತ ಇಳಿಯುವ ಕಾಡು. ಅತ್ತಿಗೆ ಅದೊಂದನ್ನೂ ನೋಡಲಿಲ್ಲ. ಕೆಳಗೆ ಮರಗಳ ನಡುವೆ ಹುಡುಕಿದರು, ಮನೆ ಸಿಕ್ಕಿತು. ಬೆರಳಿನಷ್ಟು ಕೆಂಪು ಹೆಂಚು, ಪಕ್ಕದಲ್ಲಿ ಕಾರುಗಳು, ಬಚ್ಚಲ ಒಲೆಯಿಂದ ಹೊಗೆ. ಅದನ್ನೇ ನೋಡುತ್ತ ನಿಂತರು, ನಗು ಬಂದಾಗ ಬಾಯಿಗೆ ಸೆರಗು ಹಿಡಿಯುವುದನ್ನೂ ಮರೆತರು.

"ನಾನಿಲ್ಲಿದೀನಿ. ಅಲ್ಲಿ ಹೊಗೆ ಬರ್ತಿದೆ ನೋಡಿ" ಎಂದರು.

"ಯಾರೋ ಒಲೆ ಹಚ್ಚಿದಾರೆ" ಎಂದೆ ನಾನು, ದಡ್ಡಿಯ ಹಾಗೆ.

"ಹೌದಲ್ಲ. ಯಾರೋ ಹಚ್ಚಿದಾರೆ. ನಾನಿಲ್ದಿದ್ರೂ ಹೊಗೆ ಬರ್ತದೆ." ಇಷ್ಟು ಹೇಳಿ ಅವರು ಮಣೆಯ ಮೇಲೆ ಕೂತು, ತಿರುಗಿ, ಮೊದಲ ಸಲ ಕಾಡಿನ ಕಡೆ ನೋಡಿದರು. ಟೀಚರು ಅವರ ಮುಖ ನೋಡುತ್ತ ಕೂತಿದ್ದರು. ಅಷ್ಟು ಸಂತೋಷದಲ್ಲಿ ನಾನು ಅವರನ್ನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಸಂಜೆ ಜಗಲಿಯ ಮೇಲೆ ಚೀಲ ಖಾಲಿಯಾಯಿತು. ಬೂಟು, ಕೊಡೆ, ಪಟ್ಟಿ, ಹಳೆಯ ಸೀರೆ ಎಲ್ಲ ರಾಶಿ ಬಿದ್ದವು. ಅಣ್ಣ ಒಂದು ಪುಟ್ಟ ಬೂಟನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿ ಮತ್ತೆ ಕೆಳಗಿಟ್ಟರು. ಸಾಮಾನನ್ನು ಎರಡು ಗೊಬ್ಬರದ ಚೀಲಕ್ಕೆ ತುಂಬಿಕೊಂಡು ನಾವು ಬಸ್ಸು ಹತ್ತಿದೆವು. ಬಸ್ಸಿನ ಬಾಗಿಲು ಆ ದಿನ ಅವರನ್ನು ತಡೆಯಲಿಲ್ಲ. ಕೂತ ಮೇಲೆ ಎರಡೂ ಭುಜ ಉಜ್ಜಿಕೊಳ್ಳುತ್ತ, "ಹಗುರ ಆದ್ರೆ ಇಷ್ಟು ನೋವಾಗುತ್ತಾ ಮಾರಾಯ್ತಿ?" ಎಂದರು. ಅಳುತ್ತಿದ್ದರು. ನಾನೂ ಅತ್ತೆ.

ಆಮೇಲೂ ಕೆಲವು ಭಾನುವಾರ ಹೋದೆವು, ಒಂದು ಬಟ್ಟೆಯ ಕೈಚೀಲ ಹಿಡಿದು. ಅವರಿಗೆ ಅದರಲ್ಲಿ ಮನಸ್ಸು ನಿಲ್ಲಲಿಲ್ಲ. ನಿವೃತ್ತಿಯಾಯಿತು. ಹೃದಯದ ತೊಂದರೆ ಎಂದು ವೈದ್ಯರು ಗುಡ್ಡ ಹತ್ತಬಾರದು ಎಂದರು. ಕಳಸದ ಬಾಡಿಗೆ ಮನೆಯಲ್ಲಿ, ಹಿಂದಿನ ದಿನ ಕಂಡಕ್ಟರ ಜೊತೆ ಜಗಳವಾಡಿ ಬಂದಿದ್ದವರು, ಒಂದು ಬೆಳಿಗ್ಗೆ ಏಳಲೇ ಇಲ್ಲ. ಅವರ ಜೊತೆ ಒಮ್ಮೆಯಾದರೂ ಗುಡ್ಡ ಹತ್ತಿದ ಹೆಂಗಸರೆಲ್ಲ ಬಂದಿದ್ದರು. ಅಷ್ಟು ಹೆಂಗಸರು ಎಲ್ಲಿಂದ ಬಂದರು ಎಂದು ಊರಿಗೇ ಆಶ್ಚರ್ಯ. ಅತ್ತಿಗೆ ಒಂದು ಮೂಲೆಯಲ್ಲಿ ಕೂತಿದ್ದರು, ಅಳಲಿಲ್ಲ.

ಮನೆಯ ಮಾಲೀಕರು ಆ ಎರಡು ಗೊಬ್ಬರದ ಚೀಲಗಳನ್ನು ನನಗೆ ಕೊಟ್ಟರು. ಮಳೆ ಮುಗಿದ ಮೇಲೆ, ಹೋದ ತಿಂಗಳು, ಅವನ್ನು ತವರುಮನೆಗೆ ಮುಟ್ಟಿಸೋಣ ಎಂದು ಬಾಳೂರಿಗೆ ಹೋದೆ. ಭಾನುವಾರ. ಅಂಗಳದ ತುಂಬ ಕಾರು. ಊಟದ ಹಾಲ್‌ನಲ್ಲಿ ಅತಿಥಿಗಳು ತಿಂಡಿ ತಿನ್ನುತ್ತಿದ್ದರು. ಗೋಡೆಯ ಮೇಲೆ 'ತಾತನ ಹಂಟಿಂಗ್ ಬ್ಯಾಗ್' ಎಂಬ ಬೋರ್ಡಿತ್ತು, ಲೈಟು ಉರಿಯುತ್ತಿತ್ತು. ಚೀಲ ಇರಲಿಲ್ಲ.

"ಅಮ್ಮ ತಗಂಡ್ ಹೋದ್ರು ಮೇಡಂ" ಎಂದ ಮಗ, ಸೋತ ದನಿಯಲ್ಲಿ. "ತೋಟದ ಕೂಲಿ ಲೈನಿನ ಹೆಂಗಸ್ರನ್ನೆಲ್ಲ ಕರ್ಕಂಡು ಗುಡ್ಡಕ್ಕೆ. ಅತ್ತೆ ತಿಥಿ ಮುಗಿದಾಗಿಂದ ಭಾನುವಾರ ಬಂತಂದ್ರೆ ಇದೇ. ಗೆಸ್ಟ್ ಕೇಳಿದ್ರೆ ಎಂತ ಹೇಳದು?"

"ಮತ್ತೆ ಅಡುಗೆ?"

ಅವನು ಗದ್ದದಲ್ಲಿ ಅಡುಗೆಮನೆಯ ಕಡೆ ತೋರಿಸಿದ. "ಅಪ್ಪ."

ಒಳಗೆ ಹೋದೆ. ಬನಿಯನ್ನು, ಹೆಗಲ ಮೇಲೆ ಟವಲು, ಮೊಣಕೈವರೆಗೆ ಹಿಟ್ಟು. ಅಣ್ಣ ಒಲೆಯ ಮುಂದೆ ನಿಂತು ಅಕ್ಕಿ ರೊಟ್ಟಿ ತಟ್ಟುತ್ತಿದ್ದರು. ಕಂಪಾಸಿನಲ್ಲಿ ಎಳೆದಷ್ಟು ದುಂಡಗೆ, ತೆಳ್ಳಗೆ. ಹೊಸದಾಗಿ ಕಲಿತವರ ಕೈ ಅದಲ್ಲ. ನನ್ನನ್ನು ನೋಡಿ ನಾಚಿಕೊಳ್ಳುತ್ತಾರೆ ಎಂದುಕೊಂಡೆ. ನಾಚಿಕೊಳ್ಳಲಿಲ್ಲ.

"ಸಣ್ಣೋನಿದ್ದಾಗ ಅವ್ವನ ಪಕ್ಕ ಕೂತು ಕಲ್ತಿದ್ದು" ಎಂದರು. "ಅಪ್ಪ ಬಂದು ಕಿವಿ ಹಿಡಿದು ಎಬ್ಬಿಸ್ಕಂಡ್ ಹೋಗ್ತಿದ್ರು, ಬೇಟೆಗೆ. ನಂಗೆ ರಕ್ತ ಕಂಡ್ರೆ ಆಗ್ತಿರ್ಲಿಲ್ಲ ಮೇಡಂ. ಪ್ರತಿ ಸಲ ಮರದ ಹಿಂದೆ ಹೋಗಿ ವಾಂತಿ ಮಾಡ್ಕಂತಿದ್ದೆ. ಪುಟ್ಟಿ ಉಣಗೋಲಿನ ಹತ್ರ ನಿಂತು ನನ್ನೇ ನೋಡ್ತಿದ್ಲು, ಎಷ್ಟು ಪುಣ್ಯವಂತ ಅಂತ. ನಾನು ತಿರುಗಿ ಅಡುಗೆಮನೆ ಬಾಗ್ಲು ನೋಡ್ತಿದ್ದೆ."

ರೊಟ್ಟಿಯನ್ನು ಕಾವಲಿಗೆ ಹಾಕಿ, ಒದ್ದೆ ಕೈ ಸವರಿದರು.

"ಅವ್ಳು ಹೋಗ್ಬೇಕಿತ್ತು. ನಾನು ಮನೇಲಿರ್ಬೇಕಿತ್ತು. ಇಷ್ಟೇ ವಿಷ್ಯ."

"ಟೀಚರಿಗೆ ಇದು ಗೊತ್ತಿತ್ತಾ?" ಎಂದು ಕೇಳಿದೆ.

"ಇಲ್ಲ. ಗಂಡಸಾಗಿ ಹೆಂಗ್ ಹೇಳದು ಅಂತ ಹೇಳ್ಲೇ ಇಲ್ಲ."

ಅವರ ಕಣ್ಣು ತುಂಬಿತ್ತು, ಒರೆಸಿಕೊಳ್ಳೋಣವೆಂದರೆ ಕೈಯೆಲ್ಲ ಹಿಟ್ಟು. ಕಾವಲಿಯ ಮೇಲಿನ ರೊಟ್ಟಿ ಸೀಯಲು ಶುರುವಾಯಿತು. ನಾನು ಸಟ್ಟುಗ ಎತ್ತಿಕೊಂಡು ಅದನ್ನು ಮಗುಚಿ ಹಾಕಿದೆ.